ಅಂಗೈಯಲ್ಲಿ ಲಿಂಗ ಇರೋವರೆಗೂ

...ಹಂಗೆ ಕಣ್ಣು ಬಿಡಬೇಡ ಅಜ್ಜಿ, ಹೆದರಲ್ಲ ನಾನು! ಈ ಹೊತ್ತೇ ಯಾಕೆ ಬಂದೆ ಗೊತ್ತಾ? ಅಂಗೈಯಲ್ಲಿ ಲಿಂಗ ಇರೋವರೆಗೂ ನೀನು ಬಾಯಿ ಬಿಡಂಗಿಲ್ಲ. ಗಿರಿಜಾದೇವಿಯವರ ಬಾಯಿಗೆ ಬೀಗ ಬೀಳೋದು ದಿನಕ್ಕೆ ಇದೊಂದೇ ಸಲ. ಪೋರೂರಿನ ಈ ಅಪಾರ್ಟ್‌ಮೆಂಟಿಗೆಲ್ಲ ಗೊತ್ತು. ವಾಚ್‌ಮ್ಯಾನ್ ಕೂಡ ನೀರಿನ ಲಾರಿ ಬರಲ್ಲ ಅಂತ ಹೇಳೋಕೆ ಇದೇ ಟೈಮಿಗೆ ಬರ್ತಾನೆ.

ನಕ್ಕೆ! ನಕ್ಕೆ ನೀನು, ತುಟಿ ಅಲ್ಲಾಡ್ತು... ಓ, ಮಂತ್ರಾನಾ? ಸರಿ ಸರಿ.

ವಿಷಯ ಇಷ್ಟೇ. ಸಂಜೆ ಸ್ವಾಮಿಗಳ ಮುಂದೆ ಎಲ್ಲರೂ ಸಾಲಾಗಿ ಕೂತು, ಅವರವರ ಲಿಂಗ ತೆಗೆದು, ಪೂಜೆ ಮಾಡ್ತೀರಲ್ಲ... ಅದಕ್ಕೆ ನಾನಿರಲ್ಲ. ಶೋಳಿಂಗನಲ್ಲೂರಲ್ಲಿ ಶ್ರೀಯಾ ಮನೇಲಿ ಪ್ರಾಜೆಕ್ಟ್ ಕೆಲಸ ಇದೆ. ಅಪ್ಪ ಮಾಧವರಂ ಬಸ್ ಸ್ಟ್ಯಾಂಡಿಗೆ ಹೋಗಿದಾರೆ, ಶ್ರೀಶೈಲದ ಬಸ್ಸಿಂದ ಸ್ವಾಮಿಗಳನ್ನ ಕರ್ಕೊಂಡು ಬರೋಕೆ. ವಾಪಸ್ ಬಂದ ತಕ್ಷಣ ನೀನು ಒಂದೇ ಒಂದು ಮಾತು ಹೇಳು. ‘ದಾಕ್ಷಾಯಿಣಿಗೆ ಓದೋದಿದೆ, ಬಿಟ್ಬಿಡು’ ಅಂತ. ನೀನು ಹೇಳಿದ್ರೆ ಕೇಳ್ತಾರೆ. ನಾನು ಹೇಳಿದ್ರೆ ತಮಿಳಲ್ಲಿ ಬೈತಾರೆ.

ಏನು? ಶಾಲಾ? ಈ ಸೆಕೆಲಿ ಶಾಲು ಯಾಕೆ ಅಂತಾನಾ? ಗಂಟಲು ಅಜ್ಜಿ, ಗಂಟಲು! ಕಾಲೇಜ್ ಟೂರಲ್ಲಿ ಚಳಿ, ಇಲ್ಲಿ ಬೆಂಕಿ, ಹಿಡ್ಕೊಂಡ್ಬಿಡ್ತು. ಸುಮ್ನೆ ಪತ್ರೆ ಏರಿಸು ನೀನು.

ಊರು ಹೆಂಗಿತ್ತು ಅಂತ ಯಾರೂ ಸರಿಯಾಗಿ ಕೇಳಲೇ ಇಲ್ಲ. ಅಪ್ಪ ಕೇಳಿದ್ದು ‘ಅನ್ನ ಸಿಕ್ತಾ’ ಅಂತ. ಬುಡಾಪೆಸ್ಟ್ ಅಜ್ಜಿ! ಈ ದಡ ಬುಡಾ, ಆ ದಡ ಪೆಸ್ಟ್, ನಡುವೆ ಡ್ಯಾನ್ಯೂಬ್. ನಮ್ಮೂರ ಗಬ್ಬು ಹೊಳೆ ಕೂವಂ ನೋಡಿ ಬೆಳೆದೋಳು ನಾನು, ಸೇತುವೆ ಹತ್ತಿದ ತಕ್ಷಣ ಕೈ ತಾನಾಗೇ ಮೂಗು ಮುಚ್ಕೊಳ್ತು. ಪ್ರೊಫೆಸರು ‘ಏನಾಯ್ತಮ್ಮಾ’ ಅಂದ್ರು. ‘ನದಿ ಸಾರ್’ ಅಂದೆ! ಅವರಿಗೆ ಅರ್ಥವೇ ಆಗ್ಲಿಲ್ಲ. ಕಟ್ಟಡಗಳು ಅಂದ್ರೆ... ಅಯ್ಯೋ, ಅಲ್ಲಿ ರೈಲ್ವೆ ಸ್ಟೇಷನ್ನೇ ಮದುವೆ ಛತ್ರದ ಹಾಗಿದೆ. ಆರ್ಕಿಟೆಕ್ಚರ್ ಓದೋರೆಲ್ಲ ಕತ್ತೆತ್ತಿ ಕತ್ತೆತ್ತಿ, ರಾತ್ರಿ ಎಲ್ಲರಿಗೂ ಕತ್ತುನೋವು.

ಒಂದು ದೊಡ್ಡ ಚರ್ಚು. ಒಳಗೆ ಗಾಜಿನ ಪೆಟ್ಟಿಗೆ. ಪೆಟ್ಟಿಗೇಲಿ ಏನು ಹೇಳು? ಕೈ! ಸಾವಿರ ವರ್ಷದ ಹಿಂದೆ ಸತ್ತ ರಾಜನ ಬಲಗೈ, ಕಪ್ಪಗೆ, ಮುಷ್ಟಿ ಬಿಗಿದು! ಜನ ಕ್ಯೂ ನಿಂತು ಕೈ ಮುಗೀತಾರೆ. ‘ಸ್ವಾಮಿ, ಮಿಕ್ಕಿದ್ದು ಎಲ್ಲಿ’ ಅಂತ ಕೇಳೋಣ ಅನ್ನಿಸ್ತು. ನಾನೂ ಶ್ರೀಯಾನೂ ನಕ್ಕಿದ್ದಕ್ಕೆ ಒಬ್ಬ ಮುದುಕಿ ನೋಡಿದ್ಲು ನೋಡು... ಥೇಟ್ ನೀನೇ. ಹ್ಞಾ, ಇದೇ ನೋಟ!

ಆಮೇಲೆ ಬಿಸಿನೀರಿನ ಕೊಳ. ಊರು ಪೂರ್ತಿ ಬಿಸಿನೀರು ಅಜ್ಜಿ, ಭೂಮಿಯೊಳಗಿಂದ ಬರತ್ತೆ. ಎದೆಮಟ್ಟ ನೀರಲ್ಲಿ ನಿಂತು ಮುದುಕರು ಚೆಸ್ ಆಡ್ತಾರೆ, ಹೊಟ್ಟೆ ತೇಲಿಬಿಟ್ಕೊಂಡು! ಶಿವಶಿವಾ ಅನ್ಬೇಡ, ಎಲ್ಲರೂ ಚಡ್ಡಿ ಹಾಕಿದ್ರು. ನಾವೂ ಬಟ್ಟೆ ಬದಲಾಯಿಸೋ ಕೋಣೆಗೆ ಹೋಗಿ, ಅಲ್ಲಿ ಎಲ್ಲ ತೆಗೆದಿಟ್ಟು...

...ಏನಿಲ್ಲ. ನೀರು ಚೆನ್ನಾಗಿತ್ತು ಅಷ್ಟೇ. ಮಾರನೇ ದಿನ ವಿಯೆನ್ನಾಗೆ ಟ್ರೇನ್ ಹತ್ತಿದ್ವಿ. ಅದೊಂದು ಬೋರ್ ಊರು.

ಆಯ್ತಾ ಪೂಜೆ? ಲಿಂಗ ಕರಡಿಗೆಗೆ ಹೋಯ್ತು, ಮುಚ್ಚಳ ಬಿತ್ತು. ಸರಿ, ಈಗ ಶುರು ಮಾಡು ನಿನ್ನ ರೇಡಿಯೋ! ಸಂಜೆ ವಿಷಯ ಅಪ್ಪಂಗೆ ಹೇಳ್ತೀಯ ತಾನೆ? ಹೇಳ್ತೀಯಲ್ಲ? ಏನು, ಬಾಳೆಹಣ್ಣಾ? ಕೊಡು ಕೊಡು, ಹಸಿವಾಗಿದೆ. ಮ್ಮ್... ಏಲಕ್ಕಿ ಬಾಳೆ. ಅಲ್ಲಿ ಇದು ಎಲ್ಲಿ ಸಿಗ್ಬೇಕು...

ಯಾಕೆ ಹಂಗೆ ನೋಡ್ತಿದೀಯ?

ಅಜ್ಜಿ... ನೀನು ಹೇಳಲಿಲ್ಲ. ಪ್ರಸಾದ ಕೊಡೋವಾಗೆಲ್ಲ ಹೇಳ್ತೀಯ, ‘ಲಿಂಗಕ್ಕೆ ತೋರಿಸಿ ತಿನ್ನು’ ಅಂತ. ನಾನು ಬಾಯಿ ತೆಗೆಯೋಕೆ ಮುಂಚೆ ಹೇಳ್ತೀಯ, ಕೇಳಿ ಕೇಳಿ ನನಗೆ ರೇಗ್ತಿತ್ತು. ಇವತ್ತು ಹೇಳಲೇ ಇಲ್ಲ. ಸುಮ್ನೆ ಕೊಟ್ಟೆ.

ಗೊತ್ತಿತ್ತಾ? ...ಯಾವಾಗಿಂದ? ಏರ್‌ಪೋರ್ಟಲ್ಲಿ ತಬ್ಕೊಂಡಾಗಲೇನಾ?

ಹೇಳು ಅಂದ್ರೆ.

ಸರಿ. ಆ ಕೋಣೇಲಿ ಶ್ರೀಯಾ ‘ಅದೇನೇ ಕುತ್ತಿಗೇಲಿ, ಬೆಳ್ಳಿ ಮೊಟ್ಟೆ’ ಅಂದ್ಲು. ಎಲ್ಲರೂ ನಕ್ಕರು. ನಾನೂ ನಕ್ಕೆ. ನಾಚಿಕೆ ಆಯ್ತು ಅಜ್ಜಿ. ತೆಗೆದು ಮೊಳೆಗೆ ನೇತು ಹಾಕ್ದೆ. ನೀನು ನನಗೆ ಕಟ್ಟಿಸಿದ ಲಿಂಗ, ನೀನೇ ಹೊಸೆದ ದಾರ... ಅಲ್ಲೇ ಬಿಟ್ಟುಬಂದೆ. ಟ್ರೇನಲ್ಲಿ ಎದೆ ಮುಟ್ಕೊಂಡಾಗ ಗೊತ್ತಾಯ್ತು.

ಅಳಲಿಲ್ಲ ನಾನು. ಅಳು ಬರಬೇಕಿತ್ತಲ್ಲ? ಕುತ್ತಿಗೆ ಹಗುರಾಗಿತ್ತು ಅಷ್ಟೇ. ಮುಂದಿನ ಸ್ಟೇಷನ್ನಲ್ಲಿ ಇಳಿದು ವಾಪಸ್ ಹೋಗಬಹುದಿತ್ತು. ಟ್ರೇನ್ ನಿಂತಿತ್ತು, ಬಾಗಿಲೂ ತೆಗೆದಿತ್ತು. ಇಳೀಲಿಲ್ಲ. ಕಿಟಕಿ ಸೀಟ್ ಸಿಕ್ಕಿತ್ತು ಅಜ್ಜಿ... ಹೊರಗೆ ಹಳದಿ ಹೂವಿನ ಹೊಲ... ಬಿಟ್ಟು ಏಳೋಕೆ ಮನಸ್ಸಾಗಲಿಲ್ಲ.

ಬೈಯಿ. ಪೂಜೆ ಮುಗೀತಲ್ಲ, ಬಾಯಿ ಬಿಟ್ಟು ಬೈಯಿ ಒಂದ್ಸಲ.