ಬೆಳಕಿಲ್ಲದ ಪರದೆಯ ಮೊಲ

ಡೋಸಾ ಮಿ... ಮಿಕಾ... ತಾಳು, ನೀನು ಹೇಳಬೇಡ, ನಾನೇ ಹೇಳ್ತೀನಿ. ಡೋಸಾ ಮಿಕಾನಿ... ಯಾಕೆ ನಗ್ತೀಯಾ ನಿಧಿ? ತಿನ್ನೋ ದೋಸೆ ಅಲ್ಲ ಅಂತ ನಿಮ್ಮಜ್ಜಿಗೂ ಗೊತ್ತು ಕಣೇ! ಈ ಜಪಾನಲ್ಲಿ ಹಳೇ ಸಾಮಾನಿನ ಅಂಗಡೀಲಿ ನೀಲಿ ಬುಟ್ಟಿ ಮೇಲೆ ಚೀಟಿ ಅಂಟಿಸಿರ್ತಾರಲ್ಲ, ಅದು. ನಡೆಯುತ್ತೋ ಇಲ್ವೋ ನಾವು ನೋಡಿಲ್ಲ ಅಂತ ಅರ್ಥ. ಎಂಥ ಮರ್ಯಾದಸ್ಥರು! ನಮ್ಮ ತುಮಕೂರಲ್ಲಾಗಿದ್ರೆ 'ಫಸ್ಟ್ ಕ್ಲಾಸ್ ಇದೆ ಅಮ್ಮಾ' ಅಂತ ಆಣೆ ಇಟ್ಟು ಮಾರ್ತಿದ್ರು. ಆ ಬುಟ್ಟೀಲೇ ಸಿಕ್ಕಿದ್ದು ಕೈಯಲ್ಲಿ ಹಿಡ್ಕೊಂಡು ಆಡೋ ಈ ಹಳೇ ಗೇಮು.

ಇರ್ಲಿ. ಈ ಕಡೆ ಬಾ, ಕಿಟಕಿ ಹತ್ರ. ಇದಕ್ಕೆ ಬಿಸಿಲು ಬೇಕು, ಒಳಗೆ ದೀಪ ಇಲ್ಲ. ನೀನೇ ಸಾಕ್ಷಿ, ಗೊತ್ತಾಯ್ತಾ? ಬೆಳಿಗ್ಗೆ ನಿಮ್ಮಮ್ಮ ಏನಂದ್ಲು? 'ಕಣ್ಣಿನ ಡಾಕ್ಟ್ರಿಗೆ ತೋರಿಸೋವರೆಗೂ ಸೈಕಲ್ ಮುಟ್ಟಬೇಡ' ಅಂತ ಕೀ ಕಿತ್ಕೊಂಡ್ಲು. ನನ್ನ ಹೊಟ್ಟೇಲಿ ಹುಟ್ಟಿದ ವಸುಂಧರಾ! ಈ ತ್ಸುಕುಬಾದಲ್ಲಿ ಸೈಕಲ್ ಇಲ್ದೆ ನಾನೆಲ್ಲಿಗೆ ಹೋಗ್ಲಿ? ಮೂಲೆ ಮೇಲಿನ ಕೊಂಬಿನಿ ಅಂಗಡಿಗೆ ಹೋಗಿ ಒಂದು ಮೊಸರು ತರೋಕೂ ನಿಮ್ಮಪ್ಪನ ಕಾರು ಕಾಯ್ಬೇಕಾ? ಅದಕ್ಕೇ ಪಂಥ ಕಟ್ಟಿದ್ದು. ಬೆಳಕಿಲ್ಲದ ಪರದೇಲಿ ಈ ಗೇಮಿನ ಮೊಲಾನ ಅದರ ಮನೆ ಸೇರಿಸಿ ತೋರಿಸ್ತೀನಿ, ಆಮೇಲೆ ಕೀ ನಂದು. ಒಪ್ಪಿದ್ದಾಳೆ. ನೀನು ನೋಡಿದ್ದನ್ನ ನೋಡಿದಂಗೆ ಹೇಳು, ಸಾಕು.

ಹೂಂ, ಆನ್ ಮಾಡ್ದೆ... ಟಿಣ್! ಬಂದೇಬಿಡ್ತು. ನಿಂದು ಹೊಸದು ಏನ್ಮಾಡುತ್ತೆ? ಅಪ್‌ಡೇಟು. ಪಾಸ್‌ವರ್ಡು. ವೈಫೈ. ಅಷ್ಟರಲ್ಲಿ ನಾನು ಸೌತೆಕಾಯಿ ಹೆಚ್ಚಿ ಕೋಸಂಬರಿಗೆ ಒಗ್ಗರಣೆ ಹಾಕಿರ್ತೀನಿ.

ಏನದು ಜಪಾನೀಸಲ್ಲಿ ಗೊಣಗಾಟ? ಬಣ್ಣ ಇಲ್ವಾ? ಇಲ್ಲ ಕಣೇ, ಎಲ್ಲಾ ಸೊಪ್ಪು ಬೇಯಿಸಿದ ನೀರಿನ ಬಣ್ಣ. ನಾನೇನು ಇದೆ ಅಂದ್ನಾ? ಮಧ್ಯದಲ್ಲಿ ಬಿಟ್ಟು ಎದ್ರೆ ಮತ್ತೆ ಮೊದಲಿಂದ, ಎಲ್ಲೀವರೆಗೆ ಬಂದಿದ್ದೆ ಅಂತ ನೆನಪೂ ಇಟ್ಕೊಳ್ಳಲ್ಲ. ಬ್ಯಾಟರಿ ಅಂತೂ ಕಡ್ಲೆಪುರಿ ತಿಂದಂಗೆ ತಿನ್ನುತ್ತೆ. ನಿಮ್ಮಪ್ಪ ಟೀವಿಗೆ ಹಾಕಿ ಆಡೋ ಹಳೇ ಗೇಮಿನ ಪೆಟ್ಟಿಗೆ ತಂದಿದ್ರಲ್ಲ... ಈಗಿನ ಟೀವೀಲಿ ಅದರ ವೈರು ಚುಚ್ಚೋಕೆ ತೂತೇ ಇಲ್ಲ! ಪಾಪ, ಬೀರು ಮೇಲೆ ಕೂತಿದೆ.

ಆದ್ರೆ ಇದು ಗಟ್ಟಿ. ಮೊನ್ನೆ ನನ್ನ ಕೈಯಿಂದ ಮೆಟ್ಟಿಲ ಮೇಲೆ ದಡದಡ ಉರುಳ್ತು, ಒಂದು ಗೀರಿಲ್ಲ. ಯಾಕೆ ಬಿತ್ತು ಅಂದ್ರೆ? ಕೈ ಜಾರಿತು. ಮೆಟ್ಟಿಲು ಕಾಣ್ಲಿಲ್ಲ ಅಂತಲ್ಲ... ಕೈ ಜಾರಿತು ಅಷ್ಟೇ.

ಎಗರು! ನೋಡಿದ್ಯಾ? ಹಳ್ಳ ದಾಟ್ತು. ಈಗ ಮುಳ್ಳು... ಎಗರು! ಆಹಾ! ಹಳೇ ಗೇಮಿನ ದೊಡ್ಡ ಗುಣ ಏನ್ಗೊತ್ತಾ? ಮಾತು ತಪ್ಪಲ್ಲ. ಹಳ್ಳ ಬರೋ ಮುಂಚೆ ಟುಣುಟುಣು, ನರಿ ಬರೋ ಮುಂಚೆ ಗುರ್ರ್. ದಿನಾ ಅದೇ ಜಾಗ, ಅದೇ ರಾಗ. ಬೇಜಾರಾ? ನಿಂಗೆ ಬೇಜಾರು. ನಂಗೆ ಮಗ್ಗಿ ಒಪ್ಪಿಸಿದಂಗೆ.

ನಗು ನಿಲ್ಲಿಸಿದ್ಯಾಕೆ? ಬಾ ಬಾ, ಭುಜಕ್ಕೆ ಒರಗ್ಕೋ. ಕೈ ಅಡ್ಡ ಇಡಬೇಡ ಮತ್ತೆ! ನರಿ ಒಂದು ದಾಟಿದ್ರೆ ಮನೆ ಬಂತು. ಎಲ್ಲಿ ಗುರ್ರ್... ಎಲ್ಲಿ...

ಅಯ್ಯೋ! ಹೋಯ್ತು. ಬ್ಯಾಟರಿ ಹೋಯ್ತು ನೋಡು. ಹೇಳಿದ್ನಲ್ಲ! ಸರಿಯಾಗಿ ಗೆಲ್ಲೋ ಹೊತ್ತಿಗೇ ಕೈ ಕೊಡ್ತು. ಪರದೆ ಪೂರ್ತಿ ಖಾಲಿ, ಮೊಲಾನೂ ಇಲ್ಲ, ನರೀನೂ ಇಲ್ಲ. ಅಡುಗೆಮನೇಲಿ ಬ್ಯಾಟರಿ ಇದೆ, ತಗೊಂಡ್ ಬಾ. ಓಡು. ...ನಿಧಿ? ಯಾಕೆ ಹೋಗ್ಲಿಲ್ಲ?

ಏನೇ? ನನ್ನ ಬೆರಳು ಹಿಡ್ಕೊಂಡು ಎಲ್ಲಿಗೆ... ಇದೇನು, ಸೌಂಡಿನ ಚಕ್ರ. ತಿರುಗಿಸ್ಲಾ?

...ಓ.

ಶುರುವಿನ ರಾಗ. ಆನ್ ಆಗೇ ಇದೆ. ನನ್ನ ಮೊಲ ಸತ್ತು, ಮತ್ತೆ ಮೊದಲಿಂದ ಶುರು ಆಗಿದೆ.

ಸೌಂಡು ನೀನೇ ಇಳಿಸಿದ್ದಾ? ಕಳ್ಳಿ... ನಿಮ್ಮಮ್ಮನ್ನೂ ಮೀರಿಸಿದೆ.

ಏನಾದ್ರೂ ಅನ್ನೇ. ಬಯ್ಯಿ ಬೇಕಾದ್ರೆ. ಅಯ್ಯೋ ಅಳ್ತೀಯಾ? ನಾನೇನು ಪೂರ್ತಿ ಕುರುಡಿ ಅಲ್ಲ ಮಾರಾಯ್ತಿ. ಮಂಜು ಮಂಜು, ಅಷ್ಟೇ. ನಿನ್ನ ಮುಖ ಇಷ್ಟು ಹತ್ರ ಬಂದ್ರೆ ಚೆನ್ನಾಗೇ ಕಾಣುತ್ತೆ. ದೂರದ್ದು... ದೂರದ್ದು ಇಲ್ಲ. ಸಿಗ್ನಲ್ಲಲ್ಲಿ ಕಣ್ಣು ಕಾಣದೋರು ರಸ್ತೆ ದಾಟೋಕೆ ಅಂತ ಹಕ್ಕಿ ಕೂಗೋ ಸದ್ದು ಹಾಕಿರ್ತಾರಲ್ಲ, ಪಿಯೊ ಪಿಯೊ ಅಂತ... ಅದು ಕೂಗಿದ್ರೆ ಪೆಡಲ್ ತುಳೀತಿದ್ದೆ. ಹೂಂ, ಸೈಕಲ್ ಮೇಲೇನೇ. ಹಂಗೆ ನನ್ನ ಕೈ ಹಿಂಡಬೇಡ್ವೇ, ನೋಯುತ್ತೆ!

ಹೆದ್ರಿಕೆ ಕಣೇ. ಡಾಕ್ಟ್ರು ಏನಂದ್ರೂ ನಾನು 'ಹಾಯ್, ಹಾಯ್, ದೈಜೋಬು', ಹೌದು ಹೌದು ಏನೂ ತೊಂದ್ರೆ ಇಲ್ಲ ಅಂತ ತಲೆ ಆಡಿಸ್ತೀನಿ. ಕಣ್ಣಿಗೆ ಕತ್ತಿ ಹಾಕ್ತೀವಿ ಅಂದ್ರೂ ಹಾಯ್, ಹಾಕಲ್ಲ ಅಂದ್ರೂ ಹಾಯ್. ಬಾಯಲ್ಲಿ ಹೇಳೋಕೆ ಬಿಟ್ರೆ ಎಲ್ಲಾ ಚೆನ್ನಾಗಿದೆ ಅಂತ ಹೇಳಿ ಎದ್ದು ಬಂದುಬಿಡ್ತೀನಿ, ನನ್ನ ಬುದ್ಧಿ ನಂಗೇ ಗೊತ್ತು.

ಅದಕ್ಕೇ ಪೆನ್ನು ತಗೋ. ಡಾಕ್ಟ್ರಿಗೆ ಕೊಡೋಕೆ ಜಪಾನೀಸಲ್ಲಿ ನೀಟಾಗಿ ಬರ್ಕೊಡು. 'ಅಜ್ಜಿಗೆ ಕಾಣ್ತಿಲ್ಲ. ಕಾಣೋ ಹಾಗೆ ನಟಿಸ್ತಾರೆ. ಅವರು ದೈಜೋಬು ಅಂದ್ರೆ ನಂಬಬೇಡಿ.' ...ಬರ್ದ್ಯಾ? ಪೆನ್ನು ಹಾಳೆ ತುಂಬಾ ಓಡಾಡೋ ಸದ್ದು ಬರ್ತಿದೆ. ಅಷ್ಟು ದೊಡ್ಡ ಅಕ್ಷರ ಯಾಕೇ? ಚಿಕ್ಕದಾಗೇ ಬರಿ, ಓದೋದು ಡಾಕ್ಟ್ರು.