ನಾಲ್ಕಿಂಚು ವಾಲಿದ ಗೋಡೆ

ಅಂದು ಅವನು ಕಚೇರಿಯಿಂದ ಹೊರಟಾಗ ರಾತ್ರಿ ಹತ್ತು ದಾಟಿತ್ತು. ಕೊನೆಯ ಬಸ್ಸು ಹೋಗಿಬಿಟ್ಟಿತ್ತು. ನಡೆದೇ ಮನೆ ಸೇರಬೇಕು. ದಾರಿಯಲ್ಲಿ ಮೂಲೆಮನೆ, ಅದರ ಕಾಂಪೌಂಡಿಗೆ ಅಂಟಿಕೊಂಡಂತೆ ಒಂದು ಹಳೆಯ ಬಾವಿ. ಬಾವಿಯ ಹತ್ತಿರ ಬಂದಾಗ ಕೇಳಿಸಿತು... ಸರ್ರ್ರ್... ಆಮೇಲೆ, ಟಿಕ್.

ರಾಟೆ ಇರಬೇಕು ಅಂದುಕೊಂಡ. ಆ ಬಾವಿಗೆ ಕಬ್ಬಿಣದ ಜಾಲರಿ ಬಡಿದು, ರಾಟೆ ಬಿಚ್ಚಿ ಇಪ್ಪತ್ತು ವರ್ಷವಾಗಿತ್ತು ಎಂಬುದು ಎರಡು ಹೆಜ್ಜೆ ಇಟ್ಟ ಮೇಲೆ ನೆನಪಾಯಿತು.

ಅವನು ಯಾರು, ಆ ಮನೆ ಯಾವುದು ಎಂದು ಮೊದಲು ಹೇಳಿಬಿಡುತ್ತೇನೆ. ಅವನು ನನ್ನ ಸ್ವಂತ ಚಿಕ್ಕಪ್ಪನ ಮಗ. ಹಳೆಯ ಕಟ್ಟಡಗಳನ್ನು ಅಳೆದು ವರದಿ ಬರೆಯುವುದು ಅವನ ಉದ್ಯೋಗ. ಮನೆಮಂದಿಯೆಲ್ಲ ಅವನನ್ನು ‘ಅಳತೆ’ ಎಂದೇ ಕರೆಯುತ್ತೇವೆ. ಅನ್ನ ಬಡಿಸಿದರೂ ತಟ್ಟೆಯನ್ನು ಕಣ್ಣಲ್ಲೇ ಅಳೆಯುವ ಜಾತಿ.

ಮೂಲೆಮನೆ ಕಟ್ಟಿ ನೂರು ವರ್ಷದ ಮೇಲಾಗಿತ್ತು. ಊರು ಅಲ್ಲಿಯ ತನಕ ಬೆಳೆದಿರದ ಕಾಲದಲ್ಲಿ, ಗಾಡಿಜಾಡಿನ ಪಕ್ಕ, ಒಬ್ಬ ಗಾರೆ ಕೆಲಸದ ಮುದುಕ ತನಗೆಂದೇ ಕಟ್ಟಿಕೊಂಡ ಮನೆ. ಸುಣ್ಣದ ಗಾರೆ, ಕಮಾನಿನ ಕಿಟಕಿ, ಕಿಟಕಿಯ ತಲೆಯ ಮೇಲೆ ಹಸಿರು ಗಾಜು. ಈಗ ಅಲ್ಲಿ ಇದ್ದವಳು ಆ ಮುದುಕನ ಮೊಮ್ಮಗಳು. ಟೈಲರ್ ಅಕ್ಕ ಎಂದರೆ ಆ ಬೀದಿಗೆಲ್ಲ ಗೊತ್ತು. ಮುಂದಿನ ಕೋಣೆಯಲ್ಲಿ ಮಿಷನ್ ಇಟ್ಟುಕೊಂಡು ಬದುಕುತ್ತಿದ್ದಳು. ಅವಳ ತಮ್ಮ ತನ್ನ ಪಾಲನ್ನು ಒಬ್ಬ ಕಂಟ್ರಾಕ್ಟರಿಗೆ ಮಾರಿ ಕೈತೊಳೆದುಕೊಂಡಿದ್ದ. ಆ ಕಂಟ್ರಾಕ್ಟರು ಬೇರೆ ಯಾರೂ ಅಲ್ಲ, ನಮ್ಮ ಅಳತೆಯ ಬಾಮೈದ.

ಮನೆ ಪಾರಂಪರಿಕ ಕಟ್ಟಡಗಳ ಪಟ್ಟಿಗೆ ಸೇರಿದರೆ ಅದನ್ನು ಯಾರೂ ಒಡೆಯುವಂತಿಲ್ಲ. ಅಕ್ಕ ಸಾಯುವ ತನಕ ಅಲ್ಲೇ ಇರಬಹುದು. ಅಪಾಯ ಎಂದು ವರದಿ ಬಂದರೆ ತಿಂಗಳೊಳಗೆ ಜಾಗ ಖಾಲಿ. ಅವಳ ತಲೆಯ ಮೇಲಿನ ಸೂರು ಇವನ ಪೆನ್ನಿನ ಒಂದು ಸಾಲಿನಲ್ಲಿತ್ತು.

ಹಗಲಲ್ಲಿ ಹೋಗಿ ಅಳೆದ. ಗಾರೆಯವರು ಹಿಡಿಯುವ ತೂಗುಗುಂಡು ಗೊತ್ತಲ್ಲ? ದಾರದ ತುದಿಗೆ ಹಿತ್ತಾಳೆಯ ಗುಂಡು. ಗೋಡೆಯ ನೆತ್ತಿಯಿಂದ ಇಳಿಬಿಟ್ಟರೆ ಕೆಳಗೆ ಗುಂಡು ಗೋಡೆಯನ್ನು ಮುಟ್ಟಿಯೂ ಮುಟ್ಟದ ಹಾಗೆ ನಿಲ್ಲಬೇಕು. ನಿಂತರೆ ಗೋಡೆ ನೆಟ್ಟಗಿದೆ ಎಂದು ಅರ್ಥ. ಆರು ಕಡೆ ಇಳಿಬಿಟ್ಟ. ಆರು ಕಡೆಯೂ ಗುಂಡು ಹಾಗೇ ನಿಂತಿತು. ಈಗಿನ ಗೋಡೆಗಳೂ ಅಷ್ಟು ನೆಟ್ಟಗಿರುವುದಿಲ್ಲ ಎಂದು ಆಮೇಲೆ ನನ್ನ ಹತ್ತಿರ ಅವನೇ ಹೇಳಿದ.

“ಬರ್ಕೊ ತಮ್ಮಾ,” ಅಂದಳು ಟೈಲರ್ ಅಕ್ಕ, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ. “ನಮ್ಮ ತಾತ ಒಂದೊಂದು ವರಸೆ ಇಟ್ಟಿಗೆಗೂ ಗುಂಡು ಬಿಟ್ಟು ನೋಡ್ತಿದ್ದನಂತೆ. ಅಜ್ಜಿ ಬೈತಿದ್ದಳಂತೆ, ಮನೆ ಕಟ್ತಿದ್ದೀಯೋ ವೀಣೆ ಕಟ್ತಿದ್ದೀಯೋ ಅಂತ.”

“ಬರ್ಕೊಂಡೆ ಅಕ್ಕಾ,” ಅಂದ ಇವನು. ಬರೆದುಕೊಳ್ಳಲಿಲ್ಲ.

ಬಾಮೈದ ಮೂರು ದಿನ ಮನೆಗೆ ಬಂದು ಕೂತ. ಇವನ ಹೆಂಡತಿ ಮೂರು ದಿನ ಮಾತು ಬಿಟ್ಟಳು. ನಾಲ್ಕನೆಯ ದಿನ, ಕಚೇರಿಯಲ್ಲಿ ಎಲ್ಲರೂ ಹೋದ ಮೇಲೆ ಕೂತು ಇವನು ಬರೆದ: ಮುಂದಿನ ಗೋಡೆ ನಾಲ್ಕಿಂಚು ಹೊರಕ್ಕೆ ವಾಲಿದೆ, ಕಟ್ಟಿದವರು ಯಾರೆಂದು ತಿಳಿಯದು, ಉಳಿಸಿಕೊಳ್ಳುವಂಥದ್ದು ಏನೂ ಇಲ್ಲ. ಆ ಹಾಳೆಯನ್ನು ಚೀಲದಲ್ಲಿಟ್ಟುಕೊಂಡೇ ಆ ರಾತ್ರಿ ಮೂಲೆಮನೆಯ ಮುಂದೆ ಬಂದದ್ದು.

ಸರ್ರ್ರ್... ಟಿಕ್.

ನಿಂತ. ಬೀದಿಗೇ ತಾಗಿದ ಮುಂದಿನ ಗೋಡೆಯ ಬದಿ, ಅವನ ಮುಖದ ಮುಂದೆ, ಒಂದು ಗೇಣು ದೂರದಲ್ಲಿ, ಕತ್ತಲೆಯೊಳಗಿಂದ ಏನೋ ಇಳಿಯಿತು. ಹಿತ್ತಾಳೆಯ ಗುಂಡು. ಎದೆಯ ಮಟ್ಟಕ್ಕೆ ಬಂತು, ಮೊಣಕಾಲಿನ ಮಟ್ಟಕ್ಕೆ ಬಂತು, ನಿಂತಿತು. ದಾರ ಮೇಲಕ್ಕೆ ಹೋಗಿತ್ತು... ಗೋಡೆಯ ನೆತ್ತಿಗೆ. ಅಲ್ಲಿ ಯಾರೋ ಕುಕ್ಕರಗಾಲಲ್ಲಿ ಕೂತಿದ್ದರು.

“ನೋಡು,” ಎಂದಿತು ಮೇಲಿನಿಂದ ಒಂದು ದನಿ. ಜೋರಿಲ್ಲ. ಸುಣ್ಣದ ಧೂಳು ಕುಡಿದವರ ದನಿ.

ಇಪ್ಪತ್ತು ವರ್ಷದ ಅಭ್ಯಾಸ ನೋಡಿ, ಹೆದರಿಕೆಗಿಂತ ಮೊದಲು ಕೈ ಕೆಲಸಕ್ಕೆ ಹೋಯಿತು. ಬಗ್ಗಿ, ಗುಂಡಿಗೂ ಗೋಡೆಗೂ ನಡುವೆ ಉಗುರು ತೂರಿಸಲು ನೋಡಿದ.

“ಎಷ್ಟಿದೆ?”

“...ಏನೂ ಇಲ್ಲ.”

“ಸರಿಯಾಗಿ ನೋಡು.”

“ನೆಟ್ಟಗಿದೆ, ತಾತ.”

“ನಾಲ್ಕು ಅಂತ ಬರೆದಿದ್ದೀಯಲ್ಲ.”

ಇವನು ಚೀಲದ ಬಾಯನ್ನು ಮುಚ್ಚಿ ಹಿಡಿದುಕೊಂಡ.

“ನಾಲ್ಕಿಂಚು ಎಲ್ಲಿಂದ ತರಲಿ?” ಎಂದಿತು ದನಿ. ಕೋಪ ಇರಲಿಲ್ಲ. ಸಾಮಾನು ಸಾಲದೆ ಹೋದಾಗ ಮೇಸ್ತ್ರಿ ಕೇಳುವ ಹಾಗೆ ಕೇಳಿತು. “ನನ್ನ ಗೋಡೆಯಲ್ಲಿಲ್ಲ. ಎಲ್ಲಿಂದ ತರಲಿ, ಹೇಳು.”

“ನಾಳೆ ಬೆಳಿಗ್ಗೆ ತಿದ್ತೀನಿ, ತಾತ. ದೇವರಾಣೆ.”

ದಾರ ಮೇಲಕ್ಕೆ ಹೋಯಿತು. ಸರ್ರ್ರ್. ಇವನು ಹಿಂದೆ ನೋಡದೆ ಮನೆಗೆ ಓಡಿದ.

ದೇವರಾಣೆ ಎಂದ ಮೇಲೆ ಮುಗಿಯಿತು, ನಾನಾಗಿದ್ದರೆ ರಾತ್ರಿಯೇ ಎದ್ದು ತಿದ್ದುತ್ತಿದ್ದೆ. ಬೆಳಿಗ್ಗೆ ಬಿಸಿಲು ಬಂತು. ಬಿಸಿಲು ಬಂದರೆ ಮನುಷ್ಯನಿಗೆ ಧೈರ್ಯ ಬರುತ್ತದೆ. ಬಾಮೈದ ಬಾಗಿಲಲ್ಲಿ ಸ್ಕೂಟರ್ ನಿಲ್ಲಿಸಿ, “ಭಾವ, ಹೊತ್ತಾಯ್ತು,” ಎಂದ. ಇವನು ಹೆಂಡತಿಯ ಮುಖ ನೋಡಿದ. ಹಾಳೆಯನ್ನು ಇದ್ದ ಹಾಗೇ ಕೊಟ್ಟುಬಿಟ್ಟ.

ಒಂದೂವರೆ ತಿಂಗಳಿಗೆ ಮನೆ ಒಡೆದರು. ಮುಂದಿನ ಗೋಡೆ ಬಿದ್ದದ್ದು ಮಧ್ಯಾಹ್ನ, ಊಟದ ಹೊತ್ತು. ಅದೇ ಹೊತ್ತಿಗೆ ಕಚೇರಿಯಲ್ಲಿ ಇವನು ಕುರ್ಚಿಯಿಂದ ಎದ್ದವನು ಮೇಜನ್ನು ಗಟ್ಟಿಯಾಗಿ ಹಿಡಿದುಕೊಂಡನಂತೆ. “ಭೂಮಿ ನಡುಗ್ತಾ?” ಎಂದು ಕೇಳಿದ. ಪಕ್ಕದ ಗುಮಾಸ್ತ ನಕ್ಕ. “ಭೂಮಿ ಸರಿಯಾಗೇ ಇದೆ ಮಾರಾಯ, ನೀನ್ಯಾಕೆ ಹಾಗೆ ನಿಂತಿದ್ದೀಯ?”

ಅವನು ಎಡಕ್ಕೆ ವಾಲಿ ನಿಂತಿದ್ದ.

ಸಂಜೆ ನನ್ನ ಮನೆಗೆ ಬಂದ. “ಕುಡಿದಿದ್ದೀಯೇನೋ?” ಎಂದು ಕೇಳಿದೆ. “ಅಣ್ಣ, ನಾನು ನೆಟ್ಟಗೇ ನಿಂತಿದ್ದೀನಿ, ನಿಮ್ಮ ಮನೆಯೇ ಓರೆ ಕಾಣ್ತಿದೆ,” ಎಂದ. ಗೋಡೆಗೆ ಒರಗಿಸಿ ನಿಲ್ಲಿಸಿದೆ. ಕೈ ಬಿಟ್ಟ ಕೂಡಲೇ ಮತ್ತೆ ವಾಲಿದ. ಡಾಕ್ಟರು ಬೆನ್ನು ನೋಡಿದರು, ಕಿವಿ ನೋಡಿದರು, ಫೋಟೋ ತೆಗೆಸಿದರು. ಮೂಳೆ ನೆಟ್ಟಗಿದೆ, ಏನೂ ಇಲ್ಲ ಎಂದರು. ಬಾಮೈದನಿಗೆ ಒಂದು ಕೂದಲೂ ಕೊಂಕಲಿಲ್ಲ. ಅವನು ದುರಾಸೆಯವನು, ನಿಜ. ಆದರೆ ಗುಂಡು ನೋಡಿ ಸುಳ್ಳು ಬರೆದವನು ಅವನಲ್ಲ.

ಕೊನೆಗೆ ನಾನೇ ಅವನನ್ನು ಟೈಲರ್ ಅಕ್ಕನ ಹತ್ತಿರ ಕರೆದುಕೊಂಡು ಹೋದೆ. ಹಿಂದಿನ ಬೀದಿಯಲ್ಲಿ ಒಂದೇ ಕೋಣೆ, ಮಿಷನ್ ಇಟ್ಟರೆ ಮಲಗಲು ಜಾಗವಿಲ್ಲ. ಅವಳು ತಲೆ ಎತ್ತಲಿಲ್ಲ. ಹೊಲಿಯುತ್ತಲೇ ಇದ್ದಳು.

“ಅಕ್ಕಾ, ತಪ್ಪಾಯ್ತು. ಈಗಲೇ ಬರೆದುಕೊಡ್ತೀನಿ, ಗೋಡೆ ನೆಟ್ಟಗಿತ್ತು ಅಂತ.”

“ಯಾವ ಗೋಡೆ?” ಎಂದಳು.

ಇವನು ಆ ರಾತ್ರಿ ಗೋಡೆಯ ಮೇಲೆ ಕಂಡದ್ದನ್ನೆಲ್ಲ ಹೇಳಿಕೊಂಡು ಅತ್ತ. ನಾನು ಮುಂದೆ ಬಂದು ಕೈ ಮುಗಿದೆ. “ತಾಯೀ, ಒಂದು ಮಾತು ಕ್ಷಮಿಸಿದೆ ಅನ್ನು,” ಎಂದೆ.

“ನಾನು ಶಾಪ ಹಾಕಿಲ್ಲ ಯಜಮಾನರೇ. ಕ್ಷಮಿಸೋದೂ ಇಲ್ಲ. ತಾತನ ಹತ್ತಿರ ಕೇಳಿಕೊಳ್ಳಲಿ... ತಾತ ಎಲ್ಲಿ ಕೂರ್ತಾನೆ ಈಗ?” ಮಿಷನ್ ನಿಲ್ಲಿಸಿ ಅವನನ್ನು ಅಡಿಯಿಂದ ಮುಡಿಯ ತನಕ ನೋಡಿದಳು. “ಅಂಗಿ ಒಂದು ಕಡೆ ಜೋತು ಬಿದ್ದಿದೆಯಲ್ಲ. ನಿಂತ್ಕೊ.”

ಟೇಪು ತೆಗೆದು ಅಳತೆ ತಗೊಂಡಳು. ಬಲಗಡೆ, ಎಡಗಡೆ. ಪುಸ್ತಕದಲ್ಲಿ ಬರೆದುಕೊಂಡಳು, ಇದ್ದದ್ದನ್ನು ಇದ್ದ ಹಾಗೆ. “ಎಡಕ್ಕೆ ನಾಲ್ಕು ಹೆಚ್ಚಿಗೆ ಬಿಡಬೇಕು,” ಎಂದು ನಕ್ಕಳು. ಆ ನಗು ನೆನೆದರೆ ಈಗಲೂ ನನಗೆ ನಿದ್ದೆ ಹತ್ತುವುದಿಲ್ಲ.

ಅಂಗಿ ಹೊಲಿದುಕೊಟ್ಟಳು, ಕೂಲಿ ತೆಗೆದುಕೊಳ್ಳಲಿಲ್ಲ. ಹಾಕಿಕೊಂಡರೆ ಮೈಗೆ ಹಿಡಿದ ಹಾಗೆ ಕೂರುತ್ತದೆ. ಅವನು ಇವತ್ತಿಗೂ ಅದನ್ನೇ ಹಾಕುತ್ತಾನೆ. ಬೇರೆ ಯಾವುದೂ ಒಪ್ಪುವುದಿಲ್ಲ.

ಹೋದ ವಾರ ಅವನ ಮನೆಗೆ ಹೋಗಿದ್ದೆ. ಹಿತ್ತಲಲ್ಲಿ ಬಟ್ಟೆ ಒಣಹಾಕಿದ್ದರು. ಎಲೆ ಅಲುಗದಷ್ಟು ಗಾಳಿಯಿಲ್ಲದ ದಿನ. ಹಗ್ಗದ ಮೇಲಿನ ಸೀರೆ, ಟವೆಲು, ಮಕ್ಕಳ ಲಂಗ, ಎಲ್ಲದರ ನೀರೂ ನೇರ ಕೆಳಗೆ ತೊಟ್ಟಿಕ್ಕಿ ನೆಲದಲ್ಲಿ ಒಂದೇ ಒದ್ದೆ ಗೆರೆ ಬಿದ್ದಿತ್ತು. ಆ ಅಂಗಿಯ ನೀರು ಮಾತ್ರ ಗೆರೆಗೆ ಬೀಳುತ್ತಿರಲಿಲ್ಲ. ಹನಿ ಅಂಗಿಯ ಅಂಚು ಬಿಡುತ್ತಿತ್ತು... ಓರೆಯಾಗಿ ಹೋಗುತ್ತಿತ್ತು... ಆಚೆ ಒಣನೆಲದ ಮೇಲೆ ಬೀಳುತ್ತಿತ್ತು. ಟಪ್. ಟಪ್. ನಾನು ಬಹಳ ಹೊತ್ತು ನಿಂತು ನೋಡಿದೆ. ನೀವು ನಂಬಿ, ಬಿಡಿ. ನಾನು ನೋಡಿದ್ದು ನಿಜ.