ಮಂಗಳವಾಗದೆ ನಿಂತ ಪಾಠ

ನನ್ನ ಹೆಸರು ಗೂಳಪ್ಪ ಬಿನ್ ಲೇಟ್ ಚನ್ನಬಸವಯ್ಯ, ವಯಸ್ಸು 64 ವರ್ಷ. ಕಸುಬು: ಮೊದಲು ನಾಟಕ ಕಂಪನಿಯಲ್ಲಿ ರಾಜಪಾರ್ಟು, ಈಗ ಕಂಪ್ಯೂಟರ್ ಮೂಲಕ ಮಕ್ಕಳಿಗೆ ಕಥೆ ಪಾಠ. ವಾಸ: ಬನಶಂಕರಿ ಎರಡನೇ ಹಂತ, ದೇವಸ್ಥಾನದ ಹಿಂದಿನ ರಸ್ತೆ, ಮಹಡಿ ಮನೆ. ಯಾರೂ ಕರೆಯದೆಯೇ ಈ ದಿನ ಬೆಳಿಗ್ಗೆ 10-30 ಗಂಟೆಗೆ ಠಾಣೆಗೆ ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ:

ಹುಳಿಮಾವಿನ ಶ್ರೀಮತಿ ಜಯಶೀಲಾ ಅವರು ದೂರು ಕೊಟ್ಟಿದ್ದು, ತಮ್ಮ ಎಂಟು ವರ್ಷದ ಮಗಳು ಅಲಮೇಲು ನಿನ್ನೆ ಸಂಜೆ ಒಬ್ಬಳೇ ಕೆರೆಯ ಕಡೆ ಹೋಗಲು ಶ್ವೇತಾ ಎಂಬುವರ ಕಂಪ್ಯೂಟರ್ ಪಾಠವೇ ಕಾರಣ, ಅದನ್ನು ನಿಲ್ಲಿಸಬೇಕು ಎಂದು ಕೇಳಿರುವುದಾಗಿ ತಿಳಿಯಿತು. ದೂರಿನಲ್ಲಿ ಶ್ವೇತಾಳ ಹೆಸರಿದೆ, ನನ್ನ ಹೆಸರಿಲ್ಲ. ಇರಬೇಕಾದದ್ದು ನನ್ನದು.

ಶ್ವೇತಾ ಬಾಗಲಕೋಟೆ ಕಡೆಯ ಹುಡುಗಿ, 28 ವರ್ಷ. ಬಿಟಿಎಂ ಲೇಔಟ್ ಎರಡನೇ ಹಂತದಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಆಫೀಸಿನ ಕೆಲಸ ಬಿಟ್ಟು, ಎರಡು ವರ್ಷ ಕೂತು, 'ಅಂಗಳ' ಎಂಬ ಈ ಪಾಠದ ಏರ್ಪಾಡನ್ನು ಕಟ್ಟಿದ್ದಾಳೆ. ಅವಳ ಮನೆಯ ಕ್ಯಾಮೆರಾದ ಮುಂದೆ ನಾನು ನಿಂತರೆ ಅದೇ ಹೊತ್ತಿಗೆ ಮಕ್ಕಳು ತಮ್ಮ ತಮ್ಮ ಮನೆಯಲ್ಲಿ ನನ್ನನ್ನು ನೋಡುತ್ತಾರೆ. ಅವರ ಮುಖಗಳೂ ನನ್ನೆದುರಿನ ಪರದೆಯಲ್ಲಿ ಅಂಚೆಚೀಟಿಗಳಂತೆ ಸಾಲಾಗಿ ಕಾಣುತ್ತವೆ. ಮಗು ಒಂದು ಗುಂಡಿ ಒತ್ತಿದರೆ ಅದರ ಮುಖದ ಮೇಲೆ ಪುಟ್ಟ ಕೈ ಮೂಡುತ್ತದೆ. ಆಗ ಅದು ಮಾತಾಡಬಹುದು. ಇದನ್ನೆಲ್ಲ ಯಾಕೆ ಕಟ್ಟುತ್ತೀ ಎಂದು ನಾನು ಮೊದಲ ದಿನವೇ ಕೇಳಿದ್ದೆ. "ಟಿವಿ ಮಕ್ಕಳಿಗೆ ಹೇಳ್ತದ, ಕೇಳಿಸ್ಕೊಳ್ಳಂಗಿಲ್ಲ ಕಾಕಾ" ಎಂದಳು. ನಾನು ಅಲ್ಲೇ ಒಪ್ಪಿಕೊಂಡೆ.

ಅದರಲ್ಲಿ ಒಂದು ಕೊರತೆ ಇತ್ತು. ನಾನು ಆಡಿದ ಮಾತು ಮಕ್ಕಳನ್ನು ತಲುಪಿ ಅವರ ನಗು ನನಗೆ ವಾಪಸು ಬರಲು ಎಂಟು ಸೆಕೆಂಡು ಹಿಡಿಯುತ್ತಿತ್ತು. ಮೈಕಿಲ್ಲದ ಕಾಲದಲ್ಲಿ ಕಟ್ಟಕಡೆಯ ಚಾಪೆಯವನನ್ನೂ ಎಬ್ಬಿಸಿ ಕೂರಿಸಿದ ಗಂಟಲು ಸ್ವಾಮಿ ಇದು. ಮಾತು ಬಿದ್ದ ಜಾಗದಲ್ಲಿ ಚಪ್ಪಾಳೆ ಬೀಳದಿದ್ದರೆ ನಟನ ಎದೆ ನಿಂತುಹೋಗುತ್ತದೆ. ಅಷ್ಟು ಹೊತ್ತು ಆ ನಗು ಎಲ್ಲಿರುತ್ತದೆ ಎಂದು ಶ್ವೇತಾಳನ್ನು ಕೇಳಿದೆನು. ದಾರಿಯಲ್ಲಿರುತ್ತದೆ ಎಂದು ತಿಳಿಸಿದಳು. ಅಂದಿನಿಂದ ಪ್ರತಿ ಮಾತಿನ ಕೊನೆಗೂ ಎಂಟು ಸೆಕೆಂಡು ಸುಮ್ಮನೆ ನಿಂತು, ದಾರಿಯಲ್ಲಿರುವ ನಗುವನ್ನು ಕಾಯುವುದು ನನಗೆ ರೂಢಿಯಾಯಿತು.

ಮಕ್ಕಳಿಗೆ ಕಂಪನಿಯ ಕಟ್ಟುಪಾಡುಗಳನ್ನೂ ನಾನೇ ಕಲಿಸಿದೆನು. ರಂಗ ಏರುವ ಮುಂಚೆ ಚಪ್ಪಲಿಯನ್ನು ಜೋಡಿಸಿ ಬಿಡಬೇಕು. ಪಾರ್ಟು ಒಪ್ಪಿಕೊಂಡ ಮೇಲೆ ಸ್ವಂತ ಹೆಸರು ಹಿಡಿದು ಯಾರು ಕರೆದರೂ ಓಗೊಡಬಾರದು. ಕಡೆಗೆ ಮಂಗಳ ಹಾಡುವವರೆಗೆ ಆಟ ಮುಗಿದಂತಲ್ಲ, ಜಾಗ ಬಿಟ್ಟು ಏಳಬಾರದು. ನಾನು ಹನ್ನೊಂದನೇ ವಯಸ್ಸಿನಲ್ಲಿ ಕಲಿತದ್ದು ಇದನ್ನೇ. ಆದರೆ ನಮಗೆ ಮಂಗಳ ತಪ್ಪಿದ ರಾತ್ರಿಯೇ ಇರಲಿಲ್ಲ. ಮಧ್ಯದಲ್ಲಿ ಆಟ ನಿಂತರೆ ಏನು ಮಾಡಬೇಕೆಂದು ನನಗೆ ಯಾರೂ ಹೇಳಿರಲಿಲ್ಲ, ನಾನೂ ಮಕ್ಕಳಿಗೆ ಹೇಳಲಿಲ್ಲ.

ನಿನ್ನೆ ಶನಿವಾರ ಸಂಜೆ 5-00 ಗಂಟೆಗೆ ಪಾಠ ಶುರುವಾಯಿತು. ಇಪ್ಪತ್ತೆರಡು ಮಕ್ಕಳಿದ್ದರು. ಕಥೆ ನನ್ನದೇ. ಕೆರೆಯ ತಳದಲ್ಲಿ ಒಂದು ಊರಿದೆ. ಊರಿಗೆ ಊರೇ ನಿದ್ದೆಯಲ್ಲಿದೆ. ಅವರ ಬೆಳಗು ಕಳೆದುಹೋಗಿದೆ, ರಾಣಿ ಅದನ್ನು ಹುಡುಕಲು ಹೋಗಿದ್ದಾಳೆ. ರಾಣಿ ಬರುವ ತನಕ ನೀರಿನ ಬಾಗಿಲಲ್ಲಿ ದ್ವಾರಪಾಲಕಿ ಒಬ್ಬಳು ದೀಪ ಹಿಡಿದು ನಿಂತಿರಬೇಕು. ದೀಪವಿಲ್ಲದಿದ್ದರೆ ಮುಳುಗಿದ ಊರಿಗೆ ಮೇಲೆ ಬರುವ ದಾರಿ ಕಾಣುವುದಿಲ್ಲ. ದ್ವಾರಪಾಲಕಿಯ ಪಾರ್ಟು ಯಾರಿಗೆ ಬೇಕು ಎಂದು ಕೇಳಿದೆನು. ಎಂಟು ಸೆಕೆಂಡಿನ ನಂತರ ಅಲಮೇಲುವಿನ ಮುಖದ ಮೇಲೆ ಕೈ ಮೂಡಿತು. ನೀರಿನ ಬಾಗಿಲು ಎಲ್ಲಿದೆ ತಾತ ಎಂದು ಕೇಳಿದಳು. ನಿನ್ನ ಮನೆಗೆ ಹತ್ತಿರದ ನೀರು ಯಾವುದೋ ಅಲ್ಲಿದೆ ಎಂದೆನು.

5-32ಕ್ಕೆ ನಾನು ಬಲಗೈ ನೀಡಿ, "ಎಲೌ ದ್ವಾರಪಾಲಕಿ, ದೀಪವಂ ಹಿಡಿದು ನೀರಿನ ಬಾಗಿಲಿಗೆ ನಡೆ" ಎಂದು ಗರ್ಜಿಸಿದೆನು. ಮುಂದಿನ ಮಾತು, ಕುಳಿತಲ್ಲಿಯೇ ಕಣ್ಣು ಮುಚ್ಚಿ ಮನಸ್ಸಿನಲ್ಲಿ ನಡೆ, ಎಂಬುದು. ಆ ಮಾತು ಬಾಯಿಂದ ಹೊರಡುವಷ್ಟರಲ್ಲಿ ಬಿಟಿಎಂನಲ್ಲಿ ಕರೆಂಟ್ ಹೋಯಿತು. ಯುಪಿಎಸ್ ಬ್ಯಾಟರಿ ರಿಪೇರಿಗೆ ಹೋಗಿತ್ತು. ಹುಳಿಮಾವಿನಲ್ಲಿ ಕರೆಂಟ್ ಇತ್ತು. ಅಲಮೇಲುವಿನ ಪರದೆಯಲ್ಲಿ ನಾನು ಕೈ ನೀಡಿದಂತೆಯೇ ಕಲ್ಲಾಗಿ ನಿಂತಿದ್ದೆನಂತೆ. ಕೈ ಬಾಗಿಲ ಕಡೆಗಿತ್ತಂತೆ.

5-50ಕ್ಕೆ ಜಯಶೀಲಾ ಅವರು ಶ್ವೇತಾಳಿಗೆ ಫೋನು ಮಾಡಿ, ತಾವು ಮಹಡಿಯ ಮೇಲೆ ಒಣಗಿದ ಬಟ್ಟೆ ತೆಗೆದುಕೊಂಡು ಇಳಿಯುವಷ್ಟರಲ್ಲಿ ಮಗು ಇಲ್ಲ, ಟಾರ್ಚೂ ಇಲ್ಲ ಎಂದು ತಿಳಿಸಿದರು. ನಾನು ಫೋನು ಕಿತ್ತುಕೊಂಡು, ಮೇಡಂ, ಕೆರೆಯ ಕಡೆ ಓಡಿ ಎಂದು ಹೇಳಿದೆನು. ಕಾರಣ ಹೇಳಲಿಲ್ಲ. ಮಗು ವಾಪಸು ಬಂದು ಕಂಪ್ಯೂಟರ್ ಮುಂದೆ ಕೂರಬಹುದು ಎಂಬ ಆಸೆಯಿಂದ ಶ್ವೇತಾಳನ್ನು ಅಲ್ಲೇ ಇರಿಸಿ ನಾನು ಆಟೋ ಹತ್ತಿದೆನು. ಬನ್ನೇರುಘಟ್ಟ ರಸ್ತೆಯ ಅಷ್ಟೂ ವಾಹನಗಳು ನಿದ್ದೆಯಲ್ಲಿದ್ದಂತೆ ನಿಂತಿದ್ದವು. ಏಳು ಕಿಲೋಮೀಟರಿಗೆ ಐವತ್ತು ನಿಮಿಷ ಹಿಡಿಯಿತು. ಡ್ರೈವರ್, ಅಂಕಲ್ ಸ್ವಲ್ಪ ಮೆತ್ತಗೆ ಮಾತಾಡಿ, ಪಕ್ಕದ ಗಾಡಿಯವರು ನೋಡ್ತಾರೆ ಎಂದನು. ನಾನು ಮಾತಾಡುತ್ತಿದ್ದೇನೆಂದು ನನಗೇ ಗೊತ್ತಿರಲಿಲ್ಲ.

6-45ಕ್ಕೆ ಕೆರೆ ತಲುಪಿದೆನು. ಏರಿಯ ಮೇಲೆ ಹತ್ತು ಹನ್ನೆರಡು ಜನ ಸೇರಿ ಅಲಮೇಲು, ಅಲಮೇಲು ಎಂದು ಕೂಗುತ್ತಿದ್ದರು. ಜಯಶೀಲಾ ಅವರ ಗಂಟಲು ಆಗಲೇ ಬಿದ್ದುಹೋಗಿತ್ತು. ನೀರಿನಂಚಿನಲ್ಲಿ ಮಗುವಿನ ಕೆಂಪು ಚಪ್ಪಲಿ ಸಿಕ್ಕಿತ್ತು. ಕೆರೆಯ ಕೆಳಗೆ ಸೊಪ್ಪು ಬೆಳೆಯುವ ಪಿಳ್ಳಣ್ಣ ಎಂಬುವರು ತೆಪ್ಪದ ಹಗ್ಗ ಬಿಚ್ಚುತ್ತಿದ್ದರು.

ಚಪ್ಪಲಿಯನ್ನು ಯಾರೂ ಮುಟ್ಟಿರಲಿಲ್ಲ. ಎರಡೂ ಒಂದರ ಪಕ್ಕ ಒಂದು, ಹಿಮ್ಮಡಿ ಸಮನಾಗಿ, ನಾನು ಕಲಿಸಿದಂತೆಯೇ ಇದ್ದವು. ನೀರಿಗೆ ಬಿದ್ದವರು ಹಾಗೆ ಬಿಡುವುದಿಲ್ಲ. ಮಗು ಬಿದ್ದಿಲ್ಲ, ರಂಗ ಏರಿದ್ದಾಳೆ ಎಂದು ನನಗೆ ಅನ್ನಿಸಿತು. ಎಲ್ಲರನ್ನೂ ಸುಮ್ಮನಿರಲು ಕೈಮುಗಿದು ಕೇಳಿಕೊಂಡೆನು. ನಂತರ ಎದೆ ತುಂಬ ಉಸಿರೆಳೆದು, ಆಚೆ ದಡಕ್ಕೂ ಕೇಳುವಂತೆ, "ಎಲೌ ದ್ವಾರಪಾಲಕಿ, ಎಲ್ಲಿರುವೆ?" ಎಂದೆನು.

ಬಲಗಡೆ ಸುಮಾರು 40 ಅಡಿ ದೂರದ ತೂಬಿನ ಕಲ್ಲಿನ ಹಿಂದಿನಿಂದ ದನಿ ಬಂತು. "ಇಲ್ಲೇ ಇದ್ದೀನಿ. ರಾಣಿಯವರು ಬಂದ್ರಾ?"

ಕೆರೆಯ ನೀರು ಹೊರಹೋಗುವ ಬಾಗಿಲೇ ತೂಬು. ಅಲ್ಲಿ ಕಲ್ಲಿಗೆ ಒರಗಿ, ಬರಿಗಾಲಲ್ಲಿ, ಟಾರ್ಚನ್ನು ಎರಡೂ ಕೈಯಲ್ಲಿ ನೀರಿಗೆ ಹಿಡಿದುಕೊಂಡು ನಿಂತಿದ್ದಳು. ಕಲ್ಲಿನ ಮರೆಯಿಂದಾಗಿ ಏರಿಗೆ ಕಾಣದ ಆ ಬೆಳಕು ನೀರಿನೊಳಗೆ ಉದ್ದಕ್ಕೆ ಇಳಿದಿತ್ತು. ಕೆಳಗೆ ಜೊಂಡು ಅಲ್ಲಾಡುತ್ತಿತ್ತು. ಒಂದು ಕ್ಷಣ, ನಿಜ ಹೇಳಬೇಕೆಂದರೆ, ಅಲ್ಲಿ ಮನೆಗಳಿವೆಯೇನೋ ಎಂದು ನಾನೂ ನೋಡಿದೆನು.

ಪಿಳ್ಳಣ್ಣ ಎತ್ತಿಕೊಳ್ಳಲು ಹೋದರೆ ಮಗು ಕಲ್ಲನ್ನು ಬಿಟ್ಟು ಬರಲಿಲ್ಲ. ಅವಳಿಂದ ಒಂದು ಹೆಜ್ಜೆ ಆಚೆಗೆ ಆಳವಿತ್ತು. ಜಯಶೀಲಾ ಅವರು ನನ್ನ ಕಡೆ ತಿರುಗಿ, ಕೂಗದೆ, "ನಾನಿಟ್ಟ ಹೆಸರು ಅಷ್ಟೊತ್ತಿಂದ ಕೂಗ್ತಾ ಇದ್ದೀನಿ, ಸುಮ್ನಿದ್ದಾಳೆ. ನೀವಿಟ್ಟ ಹೆಸರಿಗೆ ಓಗೊಟ್ಟಳಲ್ಲ ಸಾರ್" ಎಂದರು.

ಆಗ ಶ್ವೇತಾಳ ಫೋನು ಬಂತು. ಮಗು ಸಿಕ್ಕಿತು ಎಂದೆನು. ಕರೆಂಟ್ ಬಂದಿದೆ, ಉಳಿದ ಮಕ್ಕಳೆಲ್ಲ ಪರದೆಯ ಮುಂದೆಯೇ ಇದ್ದಾರೆ ಎಂದು ಅವಳು ತಿಳಿಸಿದಳು. "ಒಬ್ಬರೂ ಎದ್ದಿಲ್ಲ ಕಾಕಾ. ಮಂಗಳ ಆಗಿಲ್ಲ ಅಂತಾರ." ಫೋನನ್ನು ಮೈಕಿನ ಹತ್ತಿರ ಹಿಡಿ ಎಂದೆನು. ಚಪ್ಪಲಿ ಬಿಟ್ಟು ಕೆರೆ ಏರಿಯ ಮೇಲೆ ನಿಂತು ರಾಣಿ ಬಂದಳು, ಬೆಳಗು ಸಿಕ್ಕಿತು ಎಂದು ಸಾರಿ, ಮಂಗಳ ಹಾಡಿದೆನು. ಆಗ ತಾನೇ ಚಂದ್ರ ಮೇಲೆ ಬಂದಿದ್ದನು. ಪಿಳ್ಳಣ್ಣ ತಲೆಯ ಟವೆಲ್ ತೆಗೆದು ನಿಂತಿದ್ದರು. ಹಾಡು ಮುಗಿದು ಎಂಟು ಸೆಕೆಂಡಿನ ನಂತರ ಫೋನಿನೊಳಗಿಂದ ಇಪ್ಪತ್ತೊಂದು ಮಕ್ಕಳ ಚಪ್ಪಾಳೆ, ಸಣ್ಣಗೆ, ಸೋನೆಯಂತೆ ಬಂತು. ಅಲಮೇಲು ಟಾರ್ಚ್ ಆರಿಸಿದಳು.

ಈಗ ನೀವು ಕರೆಯಿರಿ ಎಂದು ಜಯಶೀಲಾ ಅವರಿಗೆ ಹೇಳಿದೆನು. ಅವರು ಬಿದ್ದ ಗಂಟಲಿನಲ್ಲೇ, ಪಕ್ಕದಲ್ಲಿದ್ದ ನನಗೂ ಸರಿಯಾಗಿ ಕೇಳದಂತೆ, ಅಲಮೇಲು ಎಂದರು. ನಾನು ರೂಢಿಯಂತೆ ಎಂಟು ಸೆಕೆಂಡು ಕಾಯಲು ನಿಂತೆನು.

"ಏನಮ್ಮಾ" ಎಂದಳು. ಕಾಯುವುದು ಬೇಕಾಗಲಿಲ್ಲ.

ಬೆಳಗಿನ ಜಾವದವರೆಗೆ ಕೂತು ಶ್ವೇತಾ ಒಂದು ಹೊಸ ಏರ್ಪಾಡು ಮಾಡಿದ್ದಾಳೆ. ಇನ್ನು ಮುಂದೆ ನಮ್ಮ ಕಡೆ ಕರೆಂಟ್ ಹೋದರೆ, ಮೊದಲೇ ಪ್ರತಿ ಮಗುವಿನ ಕಂಪ್ಯೂಟರಿನಲ್ಲಿ ಇಟ್ಟಿರುವ ನನ್ನ ದನಿ ತಾನಾಗಿ ಮಂಗಳ ಹಾಡಿ, ಆಟ ಮುಗಿಯಿತು, ಅಮ್ಮ ಕರೆದರೆ ಓಗೊಡಿ ಎಂದು ಹೇಳುತ್ತದೆ. ಆದ್ದರಿಂದ ತಪ್ಪಿತಸ್ಥನ ಜಾಗದಲ್ಲಿ ನನ್ನ ಹೆಸರು ಬರೆದು, ಅವಳ ಅಂಗಳವನ್ನು ತೆರೆದಿರಲು ಬಿಡಬೇಕಾಗಿ ಕೋರುತ್ತೇನೆ.

ಮೇಲಿನದನ್ನು ಬರೆದುಕೊಂಡವರು ನನಗೆ ಓದಿ ಹೇಳಿದರು. ನಾನು ಕೂಗಿ ಹೇಳಿದ್ದನ್ನು ಮೆಲ್ಲಗೆ ಬರೆದಿದ್ದಾರೆ ಎಂಬುದನ್ನು ಬಿಟ್ಟರೆ ಎಲ್ಲವೂ ನಡೆದಂತೆಯೇ ಇದೆ, ನಿಜವಾಗಿದೆ.

ಸ್ಥಳ: ಬೆಂಗಳೂರು
ದಿನಾಂಕ: 14-12-2008

(ಸಹಿ) ಗೂಳಪ್ಪ